ಎರಡು ಭಾಷೆಯ ಪುಸ್ತಕ, ನಾಲ್ಕು ಭಾಷೆಯ ತರಗತಿ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆಯುತ್ತಿರುವ ದ್ವಿಭಾಷಾ ಮಾಧ್ಯಮದ ಪ್ರಯೋಗವನ್ನು ಬೆಂಗಳೂರಿನಲ್ಲಿ ಕೂತು ನೋಡಿದರೆ ಅದು ಕನ್ನಡ ಮತ್ತು ಇಂಗ್ಲಿಷಿನ ನಡುವಿನ ಪ್ರಶ್ನೆಯಾಗಿ ಕಾಣುತ್ತದೆ. ಕುಂಚಾವರಂನಲ್ಲಿ ನಿಂತು ನೋಡಿದರೆ ಹಾಗೆ ಕಾಣುವುದಿಲ್ಲ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಈ ಊರು ರಾಜ್ಯದ ಅಂಚಿನಲ್ಲಿದೆ. ಕಾಡು ದಾಟಿದರೆ ತೆಲಂಗಾಣ. ಊರಿನಲ್ಲಿ ಹೆಚ್ಚಾಗಿ ಕೇಳುವುದು ತೆಲುಗು, ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ, ಸಂತೆಯಲ್ಲಿ ದಖನಿ ಉರ್ದು. ಕನ್ನಡ ಇರುವುದು ಸಾಲಿಯಲ್ಲಿ ಮತ್ತು ಸರ್ಕಾರಿ ಕಚೇರಿಯಲ್ಲಿ. ಒಂದನೇ ತರಗತಿಗೆ ಬರುವ ಆರು ವರ್ಷದ ಎಷ್ಟೋ ಮಕ್ಕಳಿಗೆ ಇಲ್ಲಿ ಕನ್ನಡವೇ ಎರಡನೆಯದೋ ಮೂರನೆಯದೋ ಭಾಷೆ. ಅಂಥ ತರಗತಿಗೆ ದ್ವಿಭಾಷಾ ಪಠ್ಯಪುಸ್ತಕ ಬಂದಾಗ ಅದರಲ್ಲಿರುವ ಎರಡು ಭಾಷೆಗಳಲ್ಲಿ ಒಂದೂ ಆ ಮಗುವಿನ ಮನೆಯದಾಗಿರುವುದಿಲ್ಲ. ಈ ಯೋಜನೆಯ ಬಲವನ್ನೂ ದೋಷವನ್ನೂ ಅಳೆಯಲು ಇದಕ್ಕಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ.

ಮೊದಲು ಯೋಜನೆ ನಡೆದುಬಂದ ದಾರಿ. 2018ರ ಜುಲೈನಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ ಬಜೆಟ್‌ನಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವ ಪ್ರಸ್ತಾಪ ಬಂತು. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೇ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಚಂದ್ರಶೇಖರ ಕಂಬಾರರು ಇದನ್ನು ನೇರವಾಗಿಯೇ ವಿರೋಧಿಸಿದರು. ಆ ವರ್ಷದ ಜೂನ್‌ನಲ್ಲಿ ತರಗತಿಗಳು ಶುರುವಾದವು. ಆಮೇಲೆ ಸರ್ಕಾರ ಬದಲಾಯಿತು, ಮತ್ತೆ ಬದಲಾಯಿತು, ವಿಭಾಗಗಳು ಮುಚ್ಚಲಿಲ್ಲ. ಸಿದ್ದರಾಮಯ್ಯನವರ 2024–25ರ ಬಜೆಟ್‌ ಎರಡು ಸಾವಿರ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮದ ಶಾಲೆಗಳನ್ನಾಗಿ ಮಾಡುವುದಾಗಿ ಹೇಳಿತು. ಮೊದಲು ಇಂಗ್ಲಿಷ್ ಮಾಧ್ಯಮ ಎಂದಿದ್ದದ್ದು ಈ ಹೊತ್ತಿಗೆ ದ್ವಿಭಾಷಾ ಮಾಧ್ಯಮವಾಗಿತ್ತು. ವಿರೋಧ ಮಾಡಿದವರಿಗೆ ಇದರಿಂದ ಸ್ವಲ್ಪ ಸಮಾಧಾನವಾಗಿರಬಹುದು. ಆದರೆ ಹೊಸ ಹೆಸರಿಗೆ ತಕ್ಕ ಹೊಸ ಪಾಠಕ್ರಮ ತರಗತಿಯೊಳಕ್ಕೆ ಬಂತೇ ಎಂದು ಕೇಳಿದವರು ಕಡಿಮೆ.

ಈ ಯೋಜನೆಯನ್ನು ತಳ್ಳಿಹಾಕುವವರ ಜತೆ ನಾನಿಲ್ಲ. ಸೇಡಂ, ಮಳಖೇಡ, ವಾಡಿಗಳು ಸಿಮೆಂಟಿನ ಊರುಗಳು. ಶಹಾಬಾದಿನ ಫರ್ಸಿ ಕಲ್ಲು ದೇಶವೆಲ್ಲ ಹೋಗಿದೆ. ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವ, ಕಲ್ಲಿನ ಗಣಿಯಲ್ಲಿ ಬೆನ್ನು ಬಾಗಿಸುವ ತಾಯಿ-ತಂದೆಯರು ದಿನವೂ ನೋಡುವುದೇನು? ಕಚೇರಿಯೊಳಗೆ ಕೂತವರ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ, ಅವರ ಮಕ್ಕಳು ಹೋಗುವುದು ಇಂಗ್ಲಿಷ್ ಶಾಲೆಗೆ. ಇಂಗ್ಲಿಷ್ ಇಲ್ಲದವರಿಗೆ ಹೊರಗಿನ ಬಿಸಿಲೇ ಗತಿ ಎಂದು ಅವರಿಗೆ ಯಾವ ವರದಿಯೂ ಹೇಳಬೇಕಾಗಿಲ್ಲ. ಮಾತೃಭಾಷೆಯಲ್ಲೇ ಪ್ರಾಥಮಿಕ ಶಿಕ್ಷಣ ಎಂಬ 1994ರ ಸರ್ಕಾರಿ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಹಣವುಳ್ಳವರಿಗೆ ಮಾಧ್ಯಮದ ಆಯ್ಕೆ ಸಿಕ್ಕಿತು. ಮಾತೃಭಾಷೆಯ ನಿಯಮವನ್ನು ಪಾಲಿಸುವ ಹೊಣೆ ಸರ್ಕಾರಿ ಶಾಲೆಯ ಬಡ ಮಕ್ಕಳ ಪಾಲಿಗೆ ಉಳಿಯಿತು. ಇದು ನ್ಯಾಯವಲ್ಲ. ತೆಲಂಗಾಣ 2022–23ರಲ್ಲಿ ತನ್ನ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಎಂಟನೇ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮ ತಂದಿತು. ತಾಂಡೂರಿನಲ್ಲಿರುವ ನಂಟರ ಮಕ್ಕಳ ಕೈಯಲ್ಲಿ ಇಂಗ್ಲಿಷ್ ಪುಸ್ತಕ ಕಂಡ ಕುಂಚಾವರಂನ ತಾಯಿ, ನಮ್ಮ ಸಾಲಿಯಲ್ಲಿ ಯಾಕಿಲ್ಲ ಎಂದು ಕೇಳಿದರೆ ಆಕೆಗೆ ಭಾಷಾಭಿಮಾನದ ಪಾಠ ಹೇಳುವ ಹಕ್ಕು ನಮಗೆ ಯಾರಿಗೂ ಇಲ್ಲ.

ಅಲ್ಲಿಗೆ ಯೋಜನೆಯ ಉದ್ದೇಶದ ಮಾತು ಮುಗಿಯಿತು. ಉದ್ದೇಶ ಒಳ್ಳೆಯದಾಗಿರುವುದರಿಂದಲೇ ಕೆಲಸವನ್ನು ಬಿಗಿಯಾಗಿ ಪರೀಕ್ಷಿಸಬೇಕು.

ಪುಸ್ತಕದಿಂದ ತೊಡಗೋಣ. ಈ ವಿಭಾಗಗಳಲ್ಲಿ ಕನ್ನಡ ಒಂದು ಭಾಷೆಯಾಗಿ, ಇಂಗ್ಲಿಷ್ ಇನ್ನೊಂದು ಭಾಷೆಯಾಗಿ ಇರುತ್ತದೆ. ಗಣಿತ ಮತ್ತು ಪರಿಸರ ಅಧ್ಯಯನದ ಪುಸ್ತಕಗಳಲ್ಲಿ ಎರಡೂ ಭಾಷೆಗಳಿರುತ್ತವೆ. ಆಂಧ್ರ ಮತ್ತು ತೆಲಂಗಾಣಗಳಲ್ಲಿಯೂ ಇದೇ ಬಗೆಯ ಪುಸ್ತಕಗಳಿವೆ: ಒಂದು ಪುಟದಲ್ಲಿ ತೆಲುಗು, ಎದುರು ಪುಟದಲ್ಲಿ ಅದೇ ಪಾಠ ಇಂಗ್ಲಿಷಿನಲ್ಲಿ. ಇದರ ಒಂದು ಗುಣವನ್ನು ಒಪ್ಪಿಕೊಳ್ಳಲೇಬೇಕು. ಪೂರಾ ಇಂಗ್ಲಿಷಿನ ಪುಸ್ತಕದ ಮುಂದೆ ಕೂತ ಮಗು ಒಂದು ಸಾಲು ತಿಳಿಯದೆ ನಿಂತರೆ ಅಲ್ಲಿಗೇ ನಿಂತುಬಿಡುತ್ತದೆ. ಇಲ್ಲಿ ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಕನ್ನಡ ಸಿಗುತ್ತದೆ. ಓದು ಬಲ್ಲ ತಾಯಿ-ತಂದೆ ಮನೆಯಲ್ಲಿ ಕೂಡಿಸಿಕೊಂಡು ಹೇಳಿಕೊಡಬಹುದು. ಮೇಷ್ಟ್ರಿಗೂ ಇದು ಆಸರೆ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲೇ ಡಿ.ಇಡಿ ಮಾಡಿ ಬಂದ ಶಿಕ್ಷಕಿಗೆ ಇಂಗ್ಲಿಷ್ ಗಣಿತದ ಪರಿಭಾಷೆ ಮೊದಲ ಬಾರಿಗೆ ಎದುರಾಗುವುದು ಈ ಪುಟದಲ್ಲೇ.

ದೋಷವಿರುವುದು ಪುಸ್ತಕ ಕಟ್ಟಿದ ಬಗೆಯಲ್ಲಿ. ಎರಡು ಭಾಷೆಯಲ್ಲಿ ಒಂದೇ ಪಾಠವನ್ನು ಸಾಲಿಗೆ ಸಾಲು ಇಟ್ಟುಬಿಟ್ಟರೆ ದ್ವಿಭಾಷಾ ಕಲಿಕೆ ಆಗುವುದಿಲ್ಲ, ಅನುವಾದ ಆಗುತ್ತದೆ. ಎರಡೂ ಪಠ್ಯಗಳಲ್ಲಿರುವುದು ಬರವಣಿಗೆಯ ಭಾಷೆ. ಕಲಬುರಗಿ ಸೀಮೆಯ ಕನ್ನಡ ಮನೆಯ ಮಗುವಿಗೂ ಸಂಕಲನ, ವ್ಯವಕಲನ, ಭಿನ್ನರಾಶಿ ಎಂಬವು ಹೊಸವೇ. ಆದರೆ ಭಿನ್ನರಾಶಿಯ ಲೆಕ್ಕ ಅದಕ್ಕೆ ಹೊಸದಲ್ಲ. ಕಿರಾಣಿ ಅಂಗಡಿಗೆ ಹೋಗಿ ಪಾವ ಕಿಲೋ ಸಕ್ಕರೆ, ಅರ್ಧ ಕಿಲೋ ತೊಗರಿಬೇಳೆ ತರುತ್ತದೆ. ದೀಡ ಅಂದರೆ ಒಂದೂವರೆ, ಅಡೀಚ ಅಂದರೆ ಎರಡೂವರೆ ಎಂದು ಮನೆಯ ಹಿರಿಯರಿಂದ ಕೇಳಿ ಗೊತ್ತಿರುತ್ತದೆ. ತೆಲುಗು ಮನೆಯ ಮಗುವಿಗೂ ಲಂಬಾಣಿ ಮನೆಯ ಮಗುವಿಗೂ ಇದೇ ಲೆಕ್ಕ ಅವರವರ ಮಾತಿನಲ್ಲಿ ಬರುತ್ತದೆ. ಪಾಠ ಇಲ್ಲಿಂದ ಶುರುವಾಗಿ, ತಕ್ಕಡಿ ಮತ್ತು ರೊಟ್ಟಿಯ ತುಂಡುಗಳ ಮೂಲಕ ಕಾಲು, ಅರ್ಧ, ಮುಕ್ಕಾಲಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಹೋಗಬೇಕು. ಹೀಗೆ ಕಟ್ಟಿದ ಪಾಠದಲ್ಲಿ ಪ್ರತಿ ಭಾಷೆಗೂ ಒಂದು ಕೆಲಸವಿರುತ್ತದೆ. ಎದುರುಬದುರು ಅಚ್ಚಾದ ಎರಡು ಪಠ್ಯಗಳಲ್ಲಿ ಹಾಗಿರುವುದಿಲ್ಲ, ಎರಡೂ ಒಂದೇ ಮಾತನ್ನು ಹೇಳುತ್ತಿರುತ್ತವೆ. ತಿಳಿದ ಭಾಷೆಯನ್ನು ಓದಿಕೊಂಡ ಮೇಲೆ ಇನ್ನೊಂದನ್ನು ಓದಬೇಕಾದ ಕಾರಣ ಮಗುವಿಗೆ ಉಳಿಯುವುದಿಲ್ಲ.

ದ್ವಿಭಾಷಾ ಬೋಧನೆಯ ಬಗ್ಗೆ ಗಂಭೀರವಾಗಿ ಕೆಲಸ ಮಾಡಿದ ನಾಡುಗಳಲ್ಲಿ ವೇಲ್ಸ್ ಒಂದು. ಇಂಗ್ಲಿಷಿನ ಪಕ್ಕದಲ್ಲಿ ಬದುಕಬೇಕಾದ ಸಣ್ಣ ಭಾಷೆ ಅವರದು. ಅಲ್ಲಿ 1990ರ ದಶಕದಲ್ಲಿ ಕೆನ್ ವಿಲಿಯಮ್ಸ್ ಎಂಬ ಶಿಕ್ಷಣತಜ್ಞರು ವಿವರಿಸಿದ ಕ್ರಮ ಸರಳವಾಗಿತ್ತು. ಮಕ್ಕಳು ಒಂದು ಭಾಷೆಯಲ್ಲಿ ಓದುತ್ತಾರೆ ಅಥವಾ ಕೇಳುತ್ತಾರೆ, ಇನ್ನೊಂದು ಭಾಷೆಯಲ್ಲಿ ಚರ್ಚಿಸುತ್ತಾರೆ ಅಥವಾ ಬರೆಯುತ್ತಾರೆ. ವಿಷಯ ತಿಳಿಯದೆ ಭಾಷೆ ದಾಟಿಸಲು ಆಗುವುದಿಲ್ಲ, ಆದ್ದರಿಂದ ದಾಟಿಸುವ ಕೆಲಸದಲ್ಲೇ ಕಲಿಕೆ ನಡೆಯುತ್ತದೆ. ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೆ. ಶಿಕ್ಷಕರು ಇಂಗ್ಲಿಷ್ ಸಾಲು ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಮಕ್ಕಳು ಇಂಗ್ಲಿಷ್ ಸಾಲನ್ನು ಒಟ್ಟಾಗಿ ಕೂಗುತ್ತಾರೆ, ಕಪ್ಪು ಹಲಗೆಯ ಉತ್ತರವನ್ನು ನೋಡಿ ಬರೆದುಕೊಳ್ಳುತ್ತಾರೆ. ದಾಟಿಸುವ ಕೆಲಸವನ್ನೆಲ್ಲ ಶಿಕ್ಷಕರೇ ಮಾಡಿ ಮುಗಿಸಿರುತ್ತಾರೆ. ಮಕ್ಕಳ ಪಾಲಿಗೆ ದನಿ ಮತ್ತು ಅಕ್ಷರವಷ್ಟೇ ಬರುತ್ತವೆ.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ, ಆದರೆ ಅನ್ಯಾಯ. ಈ ವಿಭಾಗಗಳಿಗೆಂದು ಹೊಸ ಶಿಕ್ಷಕರನ್ನು ನೇಮಿಸಲಿಲ್ಲ. ಶಾಲೆಯಲ್ಲಿ ಇದ್ದವರನ್ನೇ ಆರಿಸಿ ಕೆಲವು ದಿನಗಳ ತರಬೇತಿ ಕೊಟ್ಟು ತರಗತಿಗೆ ಕಳಿಸಲಾಯಿತು. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಶಿಕ್ಷಕರ ಇಂಗ್ಲಿಷನ್ನು ತಿದ್ದಿ ಬೆಳೆಸಿದ ಅನುಭವ ಸಾಕಷ್ಟಿದೆ. ಆದರೆ ಇಂಗ್ಲಿಷ್ ಕಲಿಸುವುದು ಒಂದು ಕೆಲಸ, ಇಂಗ್ಲಿಷಿನಲ್ಲಿ ಗಣಿತ ಕಲಿಸುವುದು ಇನ್ನೊಂದು ಕೆಲಸ, ತೆಲುಗು ಮಾತಾಡುವ ಮಗುವಿಗೆ ಕನ್ನಡದ ಮೂಲಕ ಇಂಗ್ಲಿಷಿನಲ್ಲಿ ಗಣಿತ ಕಲಿಸುವುದು ಪೂರಾ ಮೂರನೆಯ ಕೆಲಸ. ಮೂರನೆಯದಕ್ಕೆ ಯಾರೂ ಯಾರಿಗೂ ತರಬೇತಿ ಕೊಟ್ಟಿಲ್ಲ. ವಲಸೆ ಬಂದವರ ಮಕ್ಕಳನ್ನು ದಶಕಗಟ್ಟಲೆ ಗಮನಿಸಿದ ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಒಂದು ಮುಖ್ಯ ಸಂಗತಿ ತೋರಿಸಿದ್ದಾರೆ. ಆಟದ ಬಯಲಿನಲ್ಲಿ ಮಾತಾಡುವಷ್ಟು ಇಂಗ್ಲಿಷ್ ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಪಾಠ ಓದಿ ತಿಳಿದು ಬರೆಯುವಷ್ಟು ಬರಲು ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೆಲ್ಲ ಇಂಗ್ಲಿಷ್ ಕೇಳುವ ಕೆನಡಾದಂಥ ದೇಶದಲ್ಲಿ. ಚಿಂಚೋಳಿಯ ಕಾಡಿನಂಚಿನಲ್ಲಿ, ಶಾಲೆ ಬಿಟ್ಟರೆ ಇಂಗ್ಲಿಷಿನ ಒಂದು ಮಾತೂ ಕಿವಿಗೆ ಬೀಳದ ಕಡೆ ಒಂದನೇ ತರಗತಿಯಿಂದಲೇ ಗಣಿತವನ್ನು ಇಂಗ್ಲಿಷಿಗೆ ಒಪ್ಪಿಸುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಕರ್ನಾಟಕದ ಎಲ್ಲ ಶಾಲೆಗಳಿಗೂ ಅನ್ವಯಿಸುವ ಇನ್ನೊಂದು ದೋಷ ವಿಭಾಗ ಎಂಬ ವ್ಯವಸ್ಥೆಯಲ್ಲೇ ಇದೆ. ಇಂಗ್ಲಿಷ್ ವಿಭಾಗಕ್ಕೆ ಒಂದು ತರಗತಿಗೆ ಮೂವತ್ತು ಮಕ್ಕಳ ಮಿತಿ ಇಟ್ಟು ಶುರು ಮಾಡಿದರು. ಒಳಗೆ ಸೇರಿದ ಮೂವತ್ತು ಮಕ್ಕಳು ಒಂದು ಕೋಣೆಯಲ್ಲಿ, ಸೇರಲಾಗದವರು ಪಕ್ಕದ ಕನ್ನಡ ಕೋಣೆಯಲ್ಲಿ. ಊರಿನಲ್ಲಿ ಖಾಸಗಿ ಶಾಲೆ ಮತ್ತು ಸರ್ಕಾರಿ ಶಾಲೆಯ ನಡುವೆ ಇದ್ದ ಗೆರೆ ಈಗ ಸರ್ಕಾರಿ ಶಾಲೆಯ ಅಂಗಳದಲ್ಲೇ ಬಿದ್ದಿತು. ಯಾವ ಮನೆಯವರು ಮುಂಚೆ ಬಂದು ಅರ್ಜಿ ಕೊಡುತ್ತಾರೆ? ಊರಿನಲ್ಲೇ ನೆಲೆ ನಿಂತವರು, ಓದು ಬಲ್ಲವರು. ಚಿಂಚೋಳಿಯ ತಾಂಡಾಗಳಿಂದ ಹೈದರಾಬಾದ್, ಪುಣೆ, ಮುಂಬೈಗಳಿಗೆ ಕಟ್ಟಡದ ಕೆಲಸಕ್ಕೆ, ಮಹಾರಾಷ್ಟ್ರದ ಹೊಲಗಳಿಗೆ ಕಬ್ಬು ಕಡಿಯಲು ಗುಳೆ ಹೋಗುವವರು ಜೂನ್ ತಿಂಗಳಲ್ಲಿ ಸಾಲು ಹಿಡಿಯಲು ಊರಿನಲ್ಲಿ ಇರುತ್ತಾರೆಂಬ ಖಾತ್ರಿ ಇಲ್ಲ. ಅತಿ ಬಡವರ ಮಕ್ಕಳಿಗೆ ಇಂಗ್ಲಿಷ್ ಕೊಡುತ್ತೇವೆ ಎಂದು ಹೊರಟ ಯೋಜನೆ ಬಡವರಲ್ಲಿ ತುಸು ಮೇಲಿರುವವರನ್ನು ಆರಿಸಿಕೊಂಡು ಉಳಿದವರನ್ನು ಅಲ್ಲೇ ಬಿಟ್ಟಿತು. ಕನ್ನಡ ವಿಭಾಗದಲ್ಲಿ ಕೂತ ಮಗುವಿಗೆ ತನ್ನ ಬಗ್ಗೆ ಏನು ತಿಳಿಯುತ್ತದೆ? ಇದಕ್ಕೆ ಉತ್ತರಿಸದೆ ಕನ್ನಡ ಉಳಿಸುವ ಮಾತಾಡಲು ಆಗುವುದಿಲ್ಲ.

ಇನ್ನು ಕುಂಚಾವರಂನ ಮೂಲ ಪ್ರಶ್ನೆ, ಮನೆಮಾತು. ಇದನ್ನು ಬರೆಯುವಾಗ ನಮ್ಮ ಭಾಗದ ಚರಿತ್ರೆ ನೆನಪಾಗದೆ ಇರುವುದಿಲ್ಲ. ನಿಜಾಮನ ಕಾಲದಲ್ಲಿ ಆಡಳಿತ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಶುರುವಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ದೊಡ್ಡ ಪ್ರಯೋಗ ಅದು. ಆದರೆ ಕನ್ನಡ, ತೆಲುಗು, ಮರಾಠಿ ಮನೆಗಳಿಂದ ಬಂದ ಹುಡುಗರಿಗೆ ಉರ್ದು ಪರಭಾಷೆಯೇ ಆಗಿತ್ತು. ಇಲ್ಲಿಯ ಹಿರಿಯರು ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ನುಂಗಿಕೊಂಡು ಬೆಳೆದರು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿದ ನಂತರ, ಅದಕ್ಕಿಂತ ಹೆಚ್ಚಾಗಿ 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದ ನಂತರ, ಕನ್ನಡದ ಶಾಲೆ ಬಂದದ್ದು ಈ ಜನಕ್ಕೆ ನಿಜವಾದ ಬಿಡುಗಡೆ. ಅದೇ 1956ರಲ್ಲಿ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಚಿಂಚೋಳಿ ಮೈಸೂರು ರಾಜ್ಯಕ್ಕೆ ಬಂತು. ಗೆರೆ ಎಳೆದದ್ದು ಭಾಷೆಯ ಆಧಾರದ ಮೇಲೆ, ಆದರೆ ಜನ ಗೆರೆಯ ಎರಡೂ ಕಡೆ ಮೊದಲಿನ ಹಾಗೆಯೇ ಉಳಿದರು. ಅಂದು ಉರ್ದು ನಮ್ಮ ಅಜ್ಜಂದಿರ ಎದುರು ನಿಂತ ಜಾಗದಲ್ಲಿ ಇಂದು ಕುಂಚಾವರಂನ ತೆಲುಗು ಮಗುವಿನ ಎದುರು, ತಾಂಡಾದ ಲಂಬಾಣಿ ಮಗುವಿನ ಎದುರು ಕನ್ನಡ ನಿಂತಿದೆ. ಇದನ್ನು ಹೇಳಲು ನನಗೆ ನೋವಾಗುತ್ತದೆ, ಆದರೂ ಹೇಳಲೇಬೇಕು.

ಕೇರಳದ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ನಾವೆಲ್ಲ ಸಿಟ್ಟಾದೆವು. ಮಕ್ಕಳು ತರಗತಿಯಿಂದ ಹೊರಬಂದು ಪ್ರತಿಭಟಿಸಿದರು, ಕರ್ನಾಟಕದ ಪತ್ರಿಕೆಗಳು ಬರೆದವು. ಆ ಸಿಟ್ಟು ಸರಿಯಾದದ್ದು. ಅದರ ಹಿಂದಿದ್ದ ತತ್ವ, ಮಗುವಿನ ಭಾಷೆ ಬಲ್ಲವರೇ ಮಗುವಿಗೆ ಕಲಿಸಬೇಕು ಎಂಬುದು. ಆ ತತ್ವ ಗಡಿಯ ಆಚೆ ಇರುವ ಕನ್ನಡಿಗರಿಗೆ ಮಾತ್ರ ಸಲ್ಲುವುದೇ? ಸಂವಿಧಾನದ 350(ಎ) ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಒದಗಿಸುವ ಹೊಣೆಯನ್ನು ಎಲ್ಲ ರಾಜ್ಯಗಳ ಮೇಲೂ ಹಾಕುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಾಧ್ಯಮ ಮಗುವಿನ ಮಾತೃಭಾಷೆಯಾಗಿರಬೇಕು ಎನ್ನುತ್ತದೆ. ಉರ್ದು ಮನೆಯ ಮಕ್ಕಳಿಗೆ ಸರ್ಕಾರಿ ಉರ್ದು ಶಾಲೆಗಳಿವೆ, ಅದು ನಮ್ಮ ಭಾಗದ ಒಳ್ಳೆಯ ಪರಂಪರೆ. ಲಂಬಾಣಿಗೆ ಆ ಭಾಗ್ಯವಿಲ್ಲ. ಅದಕ್ಕೆ ಸ್ವಂತ ಲಿಪಿ ಇಲ್ಲ, ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗು ಲಿಪಿಯಲ್ಲಿ, ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿ ಬರೆಯುತ್ತಾರೆ ಎಂಬುದೇ ಕಾರಣವಾಗಿ ಶಾಲೆ ಅದನ್ನು ಭಾಷೆಯೆಂದೇ ಗಣಿಸಲಿಲ್ಲ.

ಹಾಗೆಂದು ಪ್ರತಿ ತಾಂಡಾಕ್ಕೆ ಒಂದು ಲಂಬಾಣಿ ಮಾಧ್ಯಮದ ಶಾಲೆ ಬೇಕೆಂದು ನಾನು ಕೇಳುತ್ತಿಲ್ಲ. ತಾಂಡಾದ ತಾಯಂದಿರೂ ಅದನ್ನು ಕೇಳಲಾರರು. ಫಿಲಿಪೈನ್ಸ್‌ನ ಅನುಭವ ಇಲ್ಲಿ ಪಾಠವಾಗಬೇಕು. 2012ರಿಂದ ಆ ದೇಶ ಮೂರನೇ ತರಗತಿಯವರೆಗೆ ಮಾತೃಭಾಷೆಯನ್ನು ಕಡ್ಡಾಯ ಮಾಡಿತು, ಪುಸ್ತಕ ಮತ್ತು ಶಿಕ್ಷಕರ ತಯಾರಿ ಹಿಂದೆ ಬಿದ್ದಿತು, 2024ರ ಅಕ್ಟೋಬರ್‌ನಲ್ಲಿ ಕಾನೂನು ಮಾಡಿ ಕಡ್ಡಾಯವನ್ನು ತೆಗೆದುಹಾಕಿತು. ತಯಾರಿ ಇಲ್ಲದೆ ಹೇರಿದ ಮಾತೃಭಾಷೆಯೂ ತಯಾರಿ ಇಲ್ಲದೆ ಹೇರಿದ ಇಂಗ್ಲಿಷಿನ ಹಾಗೆಯೇ ಸೋಲುತ್ತದೆ. ಒಡಿಶಾ 2006ರಲ್ಲಿ ಹತ್ತು ಬುಡಕಟ್ಟು ಭಾಷೆಗಳಿಂದ ಶುರು ಮಾಡಿ ಮುಂದೆ ಇಪ್ಪತ್ತೊಂದಕ್ಕೆ ಹಿಗ್ಗಿಸಿದ ಬಹುಭಾಷಾ ಕಾರ್ಯಕ್ರಮ ಹೆಚ್ಚು ನಿಧಾನವಾದದ್ದು, ಹೆಚ್ಚು ಗಟ್ಟಿಯಾದದ್ದು. ಮನೆಮಾತಿನಲ್ಲಿ ತೊಡಗಿ, ವರ್ಷದಿಂದ ವರ್ಷಕ್ಕೆ ಒಡಿಯಾವನ್ನು, ಆಮೇಲೆ ಇಂಗ್ಲಿಷನ್ನು ಸೇರಿಸುತ್ತ ಹೋಗುವ ಕ್ರಮ ಅದು. ಒಡಿಶಾದವರೆಗೆ ಹೋಗಬೇಕಾಗಿಯೂ ಇಲ್ಲ. ಅವಿಭಜಿತ ಆಂಧ್ರ 2004ರಲ್ಲಿ ಎಂಟು ಬುಡಕಟ್ಟು ಭಾಷೆಗಳಲ್ಲಿ ಮೊದಲ ಪಾಠದ ಪುಸ್ತಕಗಳನ್ನು ತಂದಾಗ ಅವುಗಳಲ್ಲಿ ಲಂಬಾಣಿಯೂ ಇತ್ತು. ಕುಂಚಾವರಂನ ಗಡಿಯಾಚೆಗೇ ಆ ಕೆಲಸ ನಡೆದಿತ್ತು, ಈಚೆ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ಸಾಧನ ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ರೂಪಿಸಿದ ನಲಿಕಲಿ ಕರ್ನಾಟಕದ ಸರ್ಕಾರಿ ಶಾಲೆ ಕಂಡ ಅತ್ಯಂತ ಸೃಜನಶೀಲ ಸುಧಾರಣೆ ಎಂದು ನಾನು ನಂಬಿದ್ದೇನೆ. ಅಕ್ಷರಮಾಲೆಯ ಕ್ರಮವನ್ನು ಬದಿಗಿಟ್ಟು, ಬರೆಯಲು ಸುಲಭವಾದ, ಕೂಡಿಸಿದರೆ ಕೂಡಲೇ ಪದವಾಗುವ ರ, ಗ, ಸ, ದ, ಅ ಅಕ್ಷರಗಳಿಂದ ಅದು ತೊಡಗುತ್ತದೆ. ಮಗು ಕಲಿಕೆಯ ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ಗುಳೆ ಹೋಗಿ ಮೂರು ತಿಂಗಳ ನಂತರ ಬಂದ ಮಗುವೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಅಂಥ ಕಾರ್ಡುಗಳಲ್ಲಿ ಚಿತ್ರದ ಕೆಳಗೆ ಕನ್ನಡದ ನೀರು, ತೆಲುಗಿನ ನೀಳ್ಳು, ಲಂಬಾಣಿಯ ಪಾಣಿ ಮೂರೂ ಕನ್ನಡ ಲಿಪಿಯಲ್ಲಿ ಇದ್ದರೆ ಅಡ್ಡಿಯೇನು? ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕ-ತಂಗಿಯರು, ಒಂದನ್ನು ಕಲಿತ ಮಗು ಇನ್ನೊಂದನ್ನು ಬೇಗನೆ ಹಿಡಿಯುತ್ತದೆ. ಮೊದಲ ಎರಡು ವರ್ಷ ಮಾತು ಮನೆಯ ಭಾಷೆಯಲ್ಲಿ, ಓದುಬರಹ ಕನ್ನಡದಲ್ಲಿ, ಇಂಗ್ಲಿಷ್ ಹಾಡು, ಆಟ, ಕತೆಯ ರೂಪದಲ್ಲಿ ಕಿವಿಗೆ. ಮೂರನೇ ತರಗತಿಯ ಹೊತ್ತಿಗೆ ಓದು ಗಟ್ಟಿಯಾದ ಮೇಲೆ ಗಣಿತದ ಇಂಗ್ಲಿಷ್ ಪದಗಳು, ಆಮೇಲೆ ಸಾಲುಗಳು, ಆಮೇಲೆ ಪಾಠಗಳು. ಇದಕ್ಕೆ ಬೇರೆ ವಿಭಾಗ ಬೇಡ. ಶಾಲೆಯ ಎಲ್ಲ ಮಕ್ಕಳಿಗೂ ಒಂದೇ ದಾರಿ.

ಪುಸ್ತಕಗಳ ಮಾತನ್ನೂ ಇಲ್ಲಿ ಸೇರಿಸಬೇಕು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿದ್ದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಬಗ್ಗೆ 1058ರ ಶಾಸನವಿದೆ. ಅಲ್ಲಿಯ ಗ್ರಂಥಭಂಡಾರ ನೋಡಿಕೊಳ್ಳಲೆಂದೇ ಆರು ಮಂದಿ ಸರಸ್ವತಿ ಭಂಡಾರಿಗರಿದ್ದರು. ಅದೇ ಸೀಮೆಯ ಇಂದಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಠ್ಯಪುಸ್ತಕ ಬಿಟ್ಟು ಮಗುವಿನ ಕೈಗೆ ಸಿಗುವ ಓದು ಎಷ್ಟು? ಪಠ್ಯ ಒಂದರಿಂದಲೇ ಯಾವ ಭಾಷೆಯೂ ಬರುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಸ್ಟೋರಿವೀವರ್ ಜಾಲತಾಣದಲ್ಲಿ ಒಂದೇ ಮಕ್ಕಳ ಕತೆಯನ್ನು ಕನ್ನಡ, ತೆಲುಗು, ಉರ್ದು, ಇಂಗ್ಲಿಷ್‌ಗಳಲ್ಲಿ ಉಚಿತವಾಗಿ ಕೊಡುತ್ತಿದೆ. ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಿಸಬಹುದು. ಒಂದು ಸ್ಮಾರ್ಟ್ ಬೋರ್ಡಿನ ಹಣದಲ್ಲಿ ಇಡೀ ಶಾಲೆಗೆ ಓದುವ ಕಪಾಟು ತುಂಬುತ್ತದೆ.

ಶಿಕ್ಷಕರ ವಿಷಯದಲ್ಲಿ ನಮ್ಮ ಭಾಗಕ್ಕೆ ಬೇರೆ ಕಡೆ ಇಲ್ಲದ ಒಂದು ಅನುಕೂಲವಿದೆ. ಚಿಂಚೋಳಿಯವರೇ ಆದ ವೈಜನಾಥ ಪಾಟೀಲರು ವರ್ಷಗಟ್ಟಲೆ ಹೋರಾಡಿದ 371(ಜೆ) ವಿಧಿ 98ನೇ ತಿದ್ದುಪಡಿಯ ಮೂಲಕ ಬಂತು. ಅದರಂತೆ ಇಲ್ಲಿಯ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು ಇದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ 5,000 ಹುದ್ದೆಗಳು ಕಲ್ಯಾಣ ಕರ್ನಾಟಕಕ್ಕೆ ಇದ್ದವು. ಸ್ಥಳೀಯರು ಎಂಬುದನ್ನು ನಾವು ಹುಟ್ಟಿನಿಂದ ಅಥವಾ ವಾಸದಿಂದ ಅಳೆಯುತ್ತೇವೆ. ಕುಂಚಾವರಂ ಕ್ಲಸ್ಟರಿಗೆ ತೆಲುಗು ಅಥವಾ ಲಂಬಾಣಿ ಮಾತಾಡಬಲ್ಲವರನ್ನೇ ಮೊದಲು ಹಾಕಬೇಕೆಂಬ ನಿಯಮ ಇಲ್ಲ. ತಾಂಡಾದಲ್ಲೇ ಹುಟ್ಟಿ ಡಿ.ಇಡಿ, ಬಿ.ಇಡಿ ಮಾಡಿದ ಹೆಣ್ಣುಮಕ್ಕಳು ಅತಿಥಿ ಶಿಕ್ಷಕಿಯರಾಗಿ ಸಿಗುತ್ತಾರೆ. ಅಳುವ ಮಗುವನ್ನು ಅದರ ಮಾತಿನಲ್ಲೇ ಸಮಾಧಾನ ಮಾಡಬಲ್ಲ, ಲೆಕ್ಕವನ್ನು ಅದರ ಮಾತಿನಲ್ಲೇ ತಿಳಿಸಬಲ್ಲ ಇವರ ಆ ಗುಣವನ್ನು ಯಾವ ನೇಮಕಾತಿ ಪರೀಕ್ಷೆಯೂ ಅಂಕವಾಗಿ ಎಣಿಸುವುದಿಲ್ಲ. ಎಣಿಸಬೇಕು.

ಕಲಿಕೆ ಎಲ್ಲಿಗೆ ಬಂದು ಮುಟ್ಟುತ್ತಿದೆ ಎಂಬುದಕ್ಕೆ 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ನೋಡಿದರೆ ಸಾಕು. ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43, ರಾಜ್ಯದಲ್ಲೇ ಕಡೆಯ ಸ್ಥಾನ. ಇದಕ್ಕೆ ಭಾಷೆ ಒಂದೇ ಕಾರಣವಲ್ಲ. ಖಾಲಿ ಹುದ್ದೆ, ಬಡತನ, ಗುಳೆ, ಬಾಲ್ಯವಿವಾಹ ಎಲ್ಲವೂ ಇವೆ. ಆದರೆ ಹತ್ತನೇ ತರಗತಿಯಲ್ಲಿ ಬಿದ್ದ ಮಗು ಅಲ್ಲಿಯೇ ಬಿದ್ದದ್ದಲ್ಲ. ಓದಿದ್ದು ತಿಳಿಯದೆ ಬರೀ ಅಕ್ಷರ ಕೂಡಿಸಿ ಉಚ್ಚರಿಸುತ್ತ ಮೂರನೇ ತರಗತಿ ದಾಟಿದಾಗಲೇ ಬಿದ್ದಿರುತ್ತದೆ. ಅಂಥ ಮಗುವಿನ ಮೇಲೆ ಇನ್ನೊಂದು ತಿಳಿಯದ ಭಾಷೆಯನ್ನು ಹೊರಿಸಿ, ಇದೇ ಅವಕಾಶ ಎಂದು ಹೇಳುವುದು ಸರಿಯಲ್ಲ.

ಸರ್ಕಾರದ ಮನಸ್ಸೂ ಒಂದು ಕಡೆ ನಿಂತಂತೆ ಕಾಣುವುದಿಲ್ಲ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂಬುದು ಅದರ ಶಿಫಾರಸು. ಅದೇ ಸರ್ಕಾರದ ಶಿಕ್ಷಣ ಇಲಾಖೆ ದ್ವಿಭಾಷಾ ವಿಭಾಗಗಳನ್ನು ಮೊದಲ ತರಗತಿಯಿಂದಲೇ ತೆರೆಯುತ್ತಿದೆ. 2025–26ರ ಬಜೆಟ್‌ನಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಮಾತಿದೆ. ಪಟ್ಟಣಕ್ಕೆ ಅವು ಒಳ್ಳೆಯವು. ವಾಡಿಯಲ್ಲೋ ಸೇಡಂನಲ್ಲೋ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಅಂಗಳದಲ್ಲಿ ಸಿಕ್ಕರೆ ಕೂಲಿಕಾರರ ಮಕ್ಕಳಿಗೆ ದೊಡ್ಡ ಉಪಕಾರ. ಅವುಗಳ ಹೆಸರಿನಲ್ಲಿ ಕಾಡಂಚಿನ ತಾಂಡಾಗಳ ಸಣ್ಣ ಶಾಲೆಗಳು ಮುಚ್ಚಿದರೆ, ಮಗುವಿನ ಮಾತು ಬಲ್ಲ ಕೊನೆಯ ಶಿಕ್ಷಕಿಯೂ ಮಗುವಿನಿಂದ ದೂರವಾಗುತ್ತಾಳೆ.

ನನ್ನ ತೀರ್ಮಾನ ಇಷ್ಟು. ದ್ವಿಭಾಷಾ ಯೋಜನೆ ಕೈಬಿಡಬೇಕಾದದ್ದಲ್ಲ, ತಿದ್ದಬೇಕಾದದ್ದು. ವಿಭಾಗವನ್ನು ತೆಗೆದು ಇಡೀ ಶಾಲೆಗೆ ಹರಡಬೇಕು. ಅನುವಾದದ ಪುಸ್ತಕವನ್ನು ಬದಿಗಿಟ್ಟು ಪ್ರತಿ ಭಾಷೆಗೂ ಕೆಲಸ ಕೊಡುವ ಪುಸ್ತಕ ಬರೆಯಿಸಬೇಕು, ಬರೆಯುವವರಲ್ಲಿ ತಾಂಡಾದ ಮತ್ತು ಗಡಿಯ ಶಿಕ್ಷಕರಿರಬೇಕು. ಗಣಿತದಲ್ಲಿ ಇಂಗ್ಲಿಷ್ ಮೂರನೇ ತರಗತಿಗಿಂತ ಮುಂಚೆ ಬರಬಾರದು.

ಯಾವ ಶಾಲೆಗೆ ಯಾವ ಭಾಷೆ ಬಲ್ಲ ಶಿಕ್ಷಕರು ಬೇಕೆಂದು ತಿಳಿಯಲು ಹೊಸ ಸಮೀಕ್ಷೆ ಬೇಕಾಗಿಲ್ಲ. ಒಂದನೇ ತರಗತಿಗೆ ಸೇರಿಸುವಾಗ ತುಂಬುವ ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಾಲಂ ಮೊದಲಿನಿಂದಲೂ ಇದೆ. ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್ ತಾಲ್ಲೂಕುಗಳ ಎಸ್‌ಡಿಎಂಸಿ ಸದಸ್ಯರು, ಮುಖ್ಯ ಶಿಕ್ಷಕರು ಮುಂದಿನ ಸಭೆಯಲ್ಲಿ ಆ ಒಂದು ಕಾಲಂ ಅನ್ನು ಓದಿಸಿ, ನಮ್ಮ ಶಾಲೆಯಲ್ಲಿ ಯಾವ ಭಾಷೆಯ ಮಕ್ಕಳು ಎಷ್ಟಿದ್ದಾರೆಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ, ಆ ಭಾಷೆ ಬಲ್ಲ ಶಿಕ್ಷಕರನ್ನು ಕೊಡಿ ಎಂದು ಕೇಳಬೇಕು.